ಅಧಿಕಾರಿಗಳ ಮೇಲೆ ಅಧಿಕಾರ ಯಾರದು? ಶ್ವೇತಭವನದಿಂದ ರಾಜಾಜಿನಗರದವರೆಗೆ

ಬೆಂಗಳೂರಿನ ರಾಜಾಜಿನಗರದ ಯಾವುದಾದರೊಂದು ಅಡ್ಡರಸ್ತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಸ್ತೆಯ ಡಾಂಬರು ಪಾಲಿಕೆಗೆ ಸೇರಿದ್ದು. ಅದರಡಿಯ ನೀರಿನ ಕೊಳವೆ ಹಾಗೂ ಒಳಚರಂಡಿ ಜಲಮಂಡಳಿಯದು. ಅಂಚಿನಲ್ಲಿ ನಿಂತಿರುವ ವಿದ್ಯುತ್ ಕಂಬ ಬೆಸ್ಕಾಂಗೆ ಸೇರಿದ್ದು. ಮುಖ್ಯರಸ್ತೆಯಲ್ಲಿ ಓಡುವ ಬಸ್ಸು ಬಿಎಂಟಿಸಿಯದು, ತಲೆಯ ಮೇಲೆ ಸಾಗುವ ಮೆಟ್ರೊ ಮತ್ತೊಂದು ನಿಗಮದ್ದು. ಕೊಳವೆ ದುರಸ್ತಿಗೆಂದು ಅಗೆದ ರಸ್ತೆ ತಿಂಗಳುಗಟ್ಟಲೆ ಮುಚ್ಚದೆ ಉಳಿದರೆ ನಿವಾಸಿ ಸಹಜವಾಗಿ ಹುಡುಕುವುದು ತಾನು ಮತ ನೀಡಿದ ಪ್ರತಿನಿಧಿಯನ್ನು. ಆದರೆ ಕೆಲಸ ಮಾಡಬೇಕಾದ ಅಧಿಕಾರಿಯನ್ನು ಆ ಪ್ರತಿನಿಧಿ ನೇಮಿಸಿರುವುದಿಲ್ಲ. ಕೆಲಸ ಆಗದಿದ್ದರೆ ಆತನನ್ನು ತೆಗೆಯುವ ಅಧಿಕಾರವೂ ಅವರಿಗಿರುವುದಿಲ್ಲ.

ಜನರಿಂದ ಚುನಾಯಿತರಾದವರಿಗೆ ಅಧಿಕಾರಿವರ್ಗದ ಮೇಲೆ ಎಷ್ಟು ಹಿಡಿತವಿರಬೇಕು? ಹಿಡಿತ ತೀರಾ ಕಡಿಮೆಯಾದರೆ ಮತಕ್ಕೆ ಬೆಲೆಯಿಲ್ಲ. ತೀರಾ ಹೆಚ್ಚಾದರೆ ಸರ್ಕಾರಿ ಹುದ್ದೆ ಗೆದ್ದ ಪಕ್ಷದ ಸೊತ್ತಾಗುತ್ತದೆ. ಜಗತ್ತಿನಲ್ಲಿ ಈ ಪ್ರಶ್ನೆ ಅತ್ಯಂತ ದೀರ್ಘಕಾಲ ಬಹಿರಂಗವಾಗಿ ಚರ್ಚೆಯಾಗಿರುವುದು ಅಮೆರಿಕದಲ್ಲಿ. ಅಲ್ಲಿನ ಅಧ್ಯಕ್ಷ ಹಾಗೂ ಒಕ್ಕೂಟ ಸರ್ಕಾರದ ಸಿಬ್ಬಂದಿಯ ನಡುವಿನ ಸಂಬಂಧವನ್ನು ಅರಿತರೆ ಕರ್ನಾಟಕದ ಮುಖ್ಯಮಂತ್ರಿ ಮತ್ತು ಬೆಂಗಳೂರಿನ ಮೇಯರ್ ಹುದ್ದೆಗಳ ಸ್ವರೂಪವೂ ಸ್ಪಷ್ಟವಾಗುತ್ತದೆ.

ಮಂಡಳಿಗಳು ಕಟ್ಟಿದ ಬಡಾವಣೆ

ಬೆಂಗಳೂರು ನಗರ ಸುಧಾರಣಾ ಟ್ರಸ್ಟ್ ಮಂಡಳಿ ಸ್ಥಾಪನೆಯಾದದ್ದು 1945ರಲ್ಲಿ. ನಗರದ ಪಶ್ಚಿಮಕ್ಕೆ ಕೈಗಾರಿಕಾ ಉಪನಗರವಾಗಿ ಯೋಜಿತವಾದ ಬಡಾವಣೆಗೆ 1949ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಶಂಕುಸ್ಥಾಪನೆ ನೆರವೇರಿಸಿದರು. ಅವರ ಹೆಸರಿನಿಂದಲೇ ಅದು ರಾಜಾಜಿನಗರವಾಯಿತು. ನಗರ ಮತ್ತು ದಂಡು ಪ್ರದೇಶಗಳ ಎರಡು ಪುರಸಭೆಗಳು ಒಂದಾಗಿ ಬೆಂಗಳೂರು ನಗರ ಪಾಲಿಕೆ ರಚನೆಯಾದದ್ದೂ ಅದೇ ವರ್ಷ.

ನಗರವನ್ನು ವಿಸ್ತರಿಸುವ ಹೊಣೆ ಮಾತ್ರ ಚುನಾಯಿತ ಪಾಲಿಕೆಗೆ ಬರಲಿಲ್ಲ. ಬಡಾವಣೆ ರಚಿಸುವ, ನಿವೇಶನ ಹಂಚುವ ಕೆಲಸ ಸುಧಾರಣಾ ಮಂಡಳಿಯಲ್ಲೇ ಉಳಿದು, 1976ರ ಕಾಯ್ದೆಯಡಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಹಸ್ತಾಂತರವಾಯಿತು. ನೀರು ಪೂರೈಕೆ ಮತ್ತು ಒಳಚರಂಡಿಗೆ 1964ರ ಕಾಯ್ದೆಯ ಮೂಲಕ ಪ್ರತ್ಯೇಕ ಜಲಮಂಡಳಿ ಬಂದಿತು. 1997ರಲ್ಲಿ ನಗರ ಸಾರಿಗೆಗೆ ಬಿಎಂಟಿಸಿ, 2002ರಲ್ಲಿ ವಿದ್ಯುತ್ ವಿತರಣೆಗೆ ಬೆಸ್ಕಾಂ ಹುಟ್ಟಿಕೊಂಡವು. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದವರೆಗಿನ ಮೆಟ್ರೊ ಮಾರ್ಗ ತೆರೆದು ರಾಜಾಜಿನಗರಕ್ಕೂ ನಿಲ್ದಾಣ ದೊರೆಯಿತು. ಅದನ್ನು ನಡೆಸುವುದು ಕೇಂದ್ರ ಮತ್ತು ರಾಜ್ಯಗಳ ಜಂಟಿ ಒಡೆತನದ ನಿಗಮ.

ಪ್ರತಿಯೊಂದು ಸಂಸ್ಥೆಗೂ ಅದರದೇ ಕಾಯ್ದೆ ಅಥವಾ ನಿಯಮಾವಳಿಯಿದೆ, ಅದರದೇ ಮುಖ್ಯಸ್ಥರಿದ್ದಾರೆ. ಆ ಮುಖ್ಯಸ್ಥರಲ್ಲಿ ಯಾರೂ ನಗರದ ಮೇಯರ್‌ಗೆ ಉತ್ತರಿಸಬೇಕಾದವರಲ್ಲ ಎಂಬುದು ಇಲ್ಲಿ ಗಮನಾರ್ಹ.

ಅಮೆರಿಕ: ಗೆದ್ದವರ ಪಾಲಾದ ಹುದ್ದೆಗಳು

1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನದ ಎರಡನೆಯ ವಿಧಿ ಕಾರ್ಯಾಂಗದ ಅಧಿಕಾರವನ್ನು ಅಧ್ಯಕ್ಷನೊಬ್ಬನಿಗೇ ವಹಿಸಿದೆ. ಉನ್ನತ ಅಧಿಕಾರಿಗಳನ್ನು ಸೆನೆಟ್‌ನ ಒಪ್ಪಿಗೆಯೊಂದಿಗೆ ಅಧ್ಯಕ್ಷ ನೇಮಿಸಬೇಕು ಎಂದೂ ಅದು ಹೇಳುತ್ತದೆ. ಆದರೆ ಹಾಗೆ ನೇಮಕಗೊಂಡವರನ್ನು ತೆಗೆಯುವ ಅಧಿಕಾರ ಯಾರದೆಂಬ ಬಗ್ಗೆ ಸಂವಿಧಾನ ಮೌನವಾಗಿದೆ. ಈ ಒಂದು ಮೌನದಿಂದ ಹುಟ್ಟಿದ ವಿವಾದ 1789ರ ಮೊದಲ ಕಾಂಗ್ರೆಸ್ಸಿನಲ್ಲೇ ಆರಂಭವಾಯಿತು. ತೆಗೆಯುವ ಅಧಿಕಾರ ಅಧ್ಯಕ್ಷನಿಗೇ ಇರಬೇಕೆಂದು ಅಂದು ವಾದಿಸಿದವರಲ್ಲಿ ಜೇಮ್ಸ್ ಮ್ಯಾಡಿಸನ್ ಪ್ರಮುಖರು.

1829ರಲ್ಲಿ ಅಧ್ಯಕ್ಷರಾದ ಆಂಡ್ರೂ ಜಾಕ್ಸನ್ ಸರ್ಕಾರಿ ಹುದ್ದೆ ಯಾರೊಬ್ಬರ ಶಾಶ್ವತ ಸ್ವತ್ತಲ್ಲ, ಅದು ಕೈಯಿಂದ ಕೈಗೆ ಬದಲಾಗುತ್ತಿರಬೇಕು ಎಂಬ ನಿಲುವು ತಳೆದರು. ಕೆಲವೇ ಮನೆತನಗಳ ಹಿಡಿತದಲ್ಲಿದ್ದ ಕಚೇರಿಗಳನ್ನು ಸಾಮಾನ್ಯರಿಗೆ ತೆರೆಯುವ ಮಾತು ಅದರಲ್ಲಿತ್ತು. ಆದರೆ ಕಾಲಕ್ರಮೇಣ ಅಂಚೆ ಕಚೇರಿಯಿಂದ ಸುಂಕದ ಕಟ್ಟೆಯವರೆಗೆ ಎಲ್ಲ ಹುದ್ದೆಗಳೂ ಗೆದ್ದ ಪಕ್ಷದ ಕಾರ್ಯಕರ್ತರಿಗೆ ಬಹುಮಾನವಾದವು. ನೌಕರರ ಸಂಬಳದಲ್ಲಿ ಒಂದು ಪಾಲು ಪಕ್ಷದ ನಿಧಿಗೆ ಹೋಗುವುದು ರೂಢಿಯಾಯಿತು.

ಈ ಪದ್ಧತಿಗೆ ತಡೆ ಬಿದ್ದದ್ದು ಒಂದು ಹತ್ಯೆಯ ನಂತರ. ಹುದ್ದೆ ಸಿಗದೆ ಹತಾಶನಾಗಿದ್ದ ಚಾರ್ಲ್ಸ್ ಗಿಟೋ ಎಂಬಾತ 1881ರ ಜುಲೈ 2ರಂದು ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಮೇಲೆ ಗುಂಡು ಹಾರಿಸಿದ. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ನಿಧನರಾದರು. 1883ರ ಜನವರಿಯಲ್ಲಿ ಪೆಂಡಲ್‌ಟನ್ ಕಾಯ್ದೆ ಜಾರಿಗೆ ಬಂದು, ಪರೀಕ್ಷೆ ಮತ್ತು ಅರ್ಹತೆಯ ಆಧಾರದ ನೇಮಕಾತಿಗೆ ನಾಂದಿಯಾಯಿತು. ಆರಂಭದಲ್ಲಿ ಅದರ ವ್ಯಾಪ್ತಿಗೆ ಬಂದದ್ದು ಸುಮಾರು ಹತ್ತನೆಯ ಒಂದರಷ್ಟು ಹುದ್ದೆಗಳು ಮಾತ್ರ. ನಂತರದ ದಶಕಗಳಲ್ಲಿ ಬಹುಪಾಲು ಹುದ್ದೆಗಳು ಅದರಡಿ ಬಂದವು. ಪಕ್ಷಕ್ಕೆ ಹಣ ಕೊಡಲಿಲ್ಲವೆಂದು ನೌಕರನನ್ನು ತೆಗೆಯುವಂತಿಲ್ಲ ಎಂಬುದು ಆ ಕಾಯ್ದೆಯ ಮಹತ್ವದ ಅಂಶ.

ತೆಗೆಯುವ ಅಧಿಕಾರದ ಕದನ

ಕೆಳಹಂತದ ನೌಕರರಿಗೆ ರಕ್ಷಣೆ ದೊರೆತರೂ ಉನ್ನತ ಅಧಿಕಾರಿಗಳ ಪ್ರಶ್ನೆ ಬಗೆಹರಿಯಲಿಲ್ಲ. ಪೆಂಡಲ್‌ಟನ್ ಕಾಯ್ದೆಗೂ ಮುನ್ನ, 1867ರಲ್ಲಿ, ಸೆನೆಟ್‌ನ ಒಪ್ಪಿಗೆಯಿಲ್ಲದೆ ಅಧಿಕಾರಿಗಳನ್ನು ವಜಾ ಮಾಡಬಾರದೆಂದು ಕಾಂಗ್ರೆಸ್ ಕಾಯ್ದೆ ಮಾಡಿತ್ತು. ಅದನ್ನು ಲೆಕ್ಕಿಸದೆ ಅಧ್ಯಕ್ಷ ಆಂಡ್ರೂ ಜಾನ್ಸನ್ ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟಾಂಟನ್ ಅವರನ್ನು ತೆಗೆದುಹಾಕಿದರು. ಪರಿಣಾಮವಾಗಿ 1868ರಲ್ಲಿ ಮಹಾಭಿಯೋಗ ಎದುರಿಸಿ, ಸೆನೆಟ್‌ನಲ್ಲಿ ಒಂದೇ ಮತದ ಅಂತರದಲ್ಲಿ ಪಾರಾದರು. ಆ ಕಾಯ್ದೆ 1887ರಲ್ಲಿ ರದ್ದಾಯಿತು.

ಬಳಿಕ ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಪೋರ್ಟ್‌ಲ್ಯಾಂಡ್ ನಗರದ ಪೋಸ್ಟ್ ಮಾಸ್ಟರ್ ಫ್ರಾಂಕ್ ಮೈಯರ್ಸ್ ಅವರನ್ನು ಅಧ್ಯಕ್ಷ ವುಡ್ರೋ ವಿಲ್ಸನ್ 1920ರಲ್ಲಿ ತೆಗೆದಿದ್ದರು. 1926ರಲ್ಲಿ ನ್ಯಾಯಾಲಯ ಅಧ್ಯಕ್ಷರ ಅಧಿಕಾರವನ್ನು ಎತ್ತಿಹಿಡಿಯಿತು. ಆ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಿಲಿಯಂ ಟ್ಯಾಫ್ಟ್ ಸ್ವತಃ ಮಾಜಿ ಅಧ್ಯಕ್ಷರಾಗಿದ್ದರು. ಆದರೆ 1935ರಲ್ಲಿ, ಫೆಡರಲ್ ಟ್ರೇಡ್ ಕಮಿಷನ್ ಸದಸ್ಯ ವಿಲಿಯಂ ಹಂಫ್ರೀ ಅವರನ್ನು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ವಜಾ ಮಾಡಿದ ಪ್ರಕರಣದಲ್ಲಿ ನ್ಯಾಯಾಲಯ ಗೆರೆಯೊಂದನ್ನು ಎಳೆಯಿತು. ಕಾಂಗ್ರೆಸ್ ಸ್ವತಂತ್ರವಾಗಿ ರೂಪಿಸಿದ ಆಯೋಗಗಳ ಸದಸ್ಯರನ್ನು ಕೇವಲ ನೀತಿಯ ಭಿನ್ನಾಭಿಪ್ರಾಯಕ್ಕಾಗಿ ತೆಗೆಯುವಂತಿಲ್ಲ ಎಂದು ಅದು ಹೇಳಿತು.

ಇಪ್ಪತ್ತೊಂದನೆಯ ಶತಮಾನದಲ್ಲಿ ಕದನ ಮತ್ತೆ ಬಿರುಸಾಯಿತು. ಅಲ್ಲಿ ಅಧ್ಯಕ್ಷ ಬದಲಾದಾಗ ಸುಮಾರು 4,000 ಹುದ್ದೆಗಳಿಗೆ ರಾಜಕೀಯ ನೇಮಕಾತಿ ನಡೆಯುತ್ತದೆ. ಉಳಿದಂತೆ 20 ಲಕ್ಷಕ್ಕೂ ಮಿಕ್ಕಿದ ನಾಗರಿಕ ಸಿಬ್ಬಂದಿ ಪಕ್ಷಾತೀತವಾಗಿ ಮುಂದುವರಿಯುವುದು ವಾಡಿಕೆ. ನೀತಿ ನಿರೂಪಣೆಯಲ್ಲಿ ತೊಡಗಿದ ಕಾಯಂ ಹುದ್ದೆಗಳನ್ನು ಪ್ರತ್ಯೇಕ ಪಟ್ಟಿಗೆ ಸೇರಿಸಿ ಅವುಗಳ ಸೇವಾ ರಕ್ಷಣೆಯನ್ನು ಸಡಿಲಿಸುವ ಆದೇಶವನ್ನು ಡೊನಾಲ್ಡ್ ಟ್ರಂಪ್ 2020ರ ಅಕ್ಟೋಬರ್‌ನಲ್ಲಿ ಹೊರಡಿಸಿದರು. 2021ರ ಜನವರಿಯಲ್ಲಿ ಜೋ ಬೈಡನ್ ಅದನ್ನು ಹಿಂಪಡೆದರು. 2025ರ ಜನವರಿಯಲ್ಲಿ ಮರಳಿ ಅಧಿಕಾರಕ್ಕೆ ಬಂದ ದಿನವೇ ಟ್ರಂಪ್ ಅದಕ್ಕೆ ಮರುಜೀವ ನೀಡಿದರು. ಅದೇ ವರ್ಷ ಅವರು ಫೆಡರಲ್ ಟ್ರೇಡ್ ಕಮಿಷನ್‌ನ ಸದಸ್ಯೆ ರೆಬೆಕಾ ಸ್ಲಾಟರ್ ಅವರನ್ನು ತೆಗೆದುಹಾಕಿದ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಡಿಸೆಂಬರ್‌ನಲ್ಲಿ ನಡೆದ ವಿಚಾರಣೆಯಲ್ಲಿ 1935ರ ತೀರ್ಪಿನ ಬುಡವೇ ಚರ್ಚೆಗೆ ಬಂದಿತು.

ಮೈಸೂರಿನ ಪರೀಕ್ಷೆ

ಗಾರ್‌ಫೀಲ್ಡ್ ಹತ್ಯೆಯಾದ ವರ್ಷವೇ, ಅಂದರೆ 1881ರಲ್ಲಿ, ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷರಿಂದ ಒಡೆಯರ ಮನೆತನಕ್ಕೆ ಮರಳಿತು. ದಿವಾನ್ ರಂಗಾಚಾರ್ಲು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅವರ ನಂತರ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ಪ್ರಾರಂಭವಾಯಿತು.

ಪರೀಕ್ಷೆ ಬಂದ ಮಾತ್ರಕ್ಕೆ ನ್ಯಾಯ ದೊರಕಿತೆಂದು ಎಲ್ಲರಿಗೂ ಅನಿಸಲಿಲ್ಲ. ಶಿಕ್ಷಣದಲ್ಲಿ ಮುಂದಿದ್ದ ಸಮುದಾಯವೇ ಹುದ್ದೆಗಳನ್ನು ತುಂಬಿಕೊಳ್ಳುತ್ತಿದೆ ಎಂಬ ಅಸಮಾಧಾನ ಬೆಳೆಯಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಗೆ ಧಕ್ಕೆಯಾಗುತ್ತದೆಂಬ ಅಭಿಪ್ರಾಯ ಹೊಂದಿದ್ದ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯ ಹುದ್ದೆ ತೊರೆದರು. ಸಮಿತಿಯ ಶಿಫಾರಸಿನ ಆಧಾರದಲ್ಲಿ 1921ರಲ್ಲಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಆದ್ಯತೆ ನೀಡುವ ಆದೇಶ ಹೊರಬಿದ್ದಿತು. ಹೀಗೆ ಅಮೆರಿಕದಲ್ಲಿ ಅಧಿಕಾರಿವರ್ಗದ ಚರ್ಚೆ ಪಕ್ಷನಿಷ್ಠೆಯ ಸುತ್ತ ಬೆಳೆದರೆ, ಮೈಸೂರಿನಲ್ಲಿ ಅದು ಪ್ರಾತಿನಿಧ್ಯದ ಸುತ್ತ ಬೆಳೆಯಿತು.

ಮುಖ್ಯಮಂತ್ರಿಯ ಕೈಯಲ್ಲಿ ವರ್ಗಾವಣೆ

ಸ್ವತಂತ್ರ ಭಾರತದ ಸಂವಿಧಾನ ಅಮೆರಿಕದ ದಾರಿ ಹಿಡಿಯಲಿಲ್ಲ. ನಿರ್ಭೀತವಾಗಿ ಅಭಿಪ್ರಾಯ ಹೇಳಬಲ್ಲ ಅಧಿಕಾರಿಗಳು ಇಲ್ಲದಿದ್ದರೆ ದೇಶದ ಒಗ್ಗಟ್ಟು ಉಳಿಯದು ಎಂದು ಸರ್ದಾರ್ ಪಟೇಲರು 1949ರ ಅಕ್ಟೋಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಬಲವಾಗಿ ಪ್ರತಿಪಾದಿಸಿದ್ದರು. 311ನೆಯ ವಿಧಿಯ ಪ್ರಕಾರ ಆರೋಪಗಳನ್ನು ತಿಳಿಸಿ, ವಿಚಾರಣೆ ನಡೆಸಿ, ಉತ್ತರಿಸಲು ಅವಕಾಶ ನೀಡದೆ ಸರ್ಕಾರಿ ನೌಕರನನ್ನು ವಜಾ ಮಾಡುವಂತಿಲ್ಲ. ಇದಕ್ಕಿರುವ ವಿನಾಯಿತಿಗಳು ಕೆಲವೇ. ನೇಮಕ ಮಾಡಿದ ಪ್ರಾಧಿಕಾರಕ್ಕಿಂತ ಕೆಳಗಿನವರು ಆತನನ್ನು ತೆಗೆಯುವಂತೆಯೂ ಇಲ್ಲ. ಐಎಎಸ್ ಅಧಿಕಾರಿಗಳ ಆಯ್ಕೆ ಕೇಂದ್ರ ಲೋಕಸೇವಾ ಆಯೋಗದ್ದು, ರಾಜ್ಯ ಸೇವೆಯ ಅಧಿಕಾರಿಗಳ ಆಯ್ಕೆ ಕರ್ನಾಟಕ ಲೋಕಸೇವಾ ಆಯೋಗದ್ದು.

ಹಾಗಾದರೆ ಮುಖ್ಯಮಂತ್ರಿ ತಾವಾಗಿ ನೇಮಿಸಬಹುದಾದ ರಾಜಕೀಯ ಹುದ್ದೆಗಳೆಷ್ಟು? 2003ರ ಸಂವಿಧಾನ ತಿದ್ದುಪಡಿಯಿಂದಾಗಿ ಸಚಿವರ ಸಂಖ್ಯೆ ವಿಧಾನಸಭೆಯ ಬಲದ ಶೇಕಡಾ 15ನ್ನು ಮೀರುವಂತಿಲ್ಲ. 224 ಸದಸ್ಯಬಲದ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿಗೆ ಮಾತ್ರ ಅವಕಾಶ. ಸಂಪುಟದಲ್ಲಿ ಸ್ಥಾನ ಸಿಗದವರಿಗೆ ನಿಗಮ ಮಂಡಳಿಗಳ ಅಧ್ಯಕ್ಷಗಿರಿ ಹಂಚುವ ಪರಿಪಾಠ ಬೆಳೆದಿರುವುದು ಈ ಹಿನ್ನೆಲೆಯಲ್ಲಿಯೇ.

ವಜಾ ಮಾಡುವ ಅಧಿಕಾರ ಇಲ್ಲದಿದ್ದರೂ ಸರ್ಕಾರದ ಕೈಯಲ್ಲಿ ಮತ್ತೊಂದು ಅಸ್ತ್ರವಿದೆ. ಅದೇ ವರ್ಗಾವಣೆ. ವೇತನ, ದರ್ಜೆ ಕಡಿಮೆಯಾಗದಂತೆ ಅಧಿಕಾರಿಯನ್ನು ಒಂದು ಹುದ್ದೆಯಿಂದ ಮತ್ತೊಂದಕ್ಕೆ ಕಳುಹಿಸಲು ವಿಚಾರಣೆ ಬೇಕಿಲ್ಲ. ಸಂವಿಧಾನ ಕೊಟ್ಟ ರಕ್ಷಣೆ ಅಧಿಕಾರಿಯ ನೌಕರಿಗೆ ಇದೆ, ಕುರ್ಚಿಗೆ ಇಲ್ಲ. ಒಂದು ಕಡತಕ್ಕೆ ಸಹಿ ಹಾಕಲು ಒಪ್ಪದ ಅಧಿಕಾರಿ ನೌಕರಿ ಕಳೆದುಕೊಳ್ಳುವುದಿಲ್ಲವಾದರೂ ಆ ಕಡತ ಇನ್ನೊಬ್ಬರ ಮೇಜಿಗೆ ಹೋಗಬಹುದು.

ಈ ಸಮಸ್ಯೆಯನ್ನು ಸುಪ್ರೀಂ ಕೋರ್ಟ್ ಗುರುತಿಸಿದ್ದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ. 2013ರ ಅಕ್ಟೋಬರ್ 31ರ ತೀರ್ಪಿನಲ್ಲಿ ಅದು ಅಧಿಕಾರಿಗಳಿಗೆ ಕನಿಷ್ಠ ಅವಧಿ ನಿಗದಿಪಡಿಸುವಂತೆಯೂ, ವರ್ಗಾವಣೆ ಪರಿಶೀಲಿಸಲು ನಾಗರಿಕ ಸೇವಾ ಮಂಡಳಿ ರಚಿಸುವಂತೆಯೂ ಸೂಚಿಸಿತು. ಮೌಖಿಕ ಆದೇಶಗಳನ್ನು ಪಾಲಿಸದೆ, ಅವುಗಳನ್ನು ಬರಹದಲ್ಲಿ ದಾಖಲಿಸಬೇಕೆಂದೂ ಹೇಳಿತು. 2014ರ ಜನವರಿಯಲ್ಲಿ ಐಎಎಸ್ ನಿಯಮಗಳಿಗೆ ತಿದ್ದುಪಡಿಯಾಗಿ ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷಗಳ ಅವಧಿ ನಿಗದಿಯಾಯಿತು. ಮಂಡಳಿಯ ಶಿಫಾರಸಿನ ಮೇಲೆ ಅದಕ್ಕೂ ಮುನ್ನ ವರ್ಗಾಯಿಸಲು ಅವಕಾಶ ಉಳಿದಿದೆ.

ಮೇಯರ್ ಎಂಬ ಪ್ರಥಮ ಪ್ರಜೆ

ಅಧ್ಯಕ್ಷ ವಜಾ ಮಾಡಬಲ್ಲರು, ಮುಖ್ಯಮಂತ್ರಿ ವರ್ಗಾಯಿಸಬಲ್ಲರು. ಮೇಯರ್ ಎರಡನ್ನೂ ಮಾಡಲಾರರು. ಇದಕ್ಕೆ ಕಾರಣ 1888ರ ಮುಂಬಯಿ ಪಾಲಿಕೆ ಕಾಯ್ದೆಯಿಂದ ಬಂದ ಮಾದರಿ. ಚುನಾಯಿತ ಸಭೆ ಚರ್ಚಿಸಿ ನಿರ್ಣಯಿಸಬೇಕು, ಸರ್ಕಾರ ನೇಮಿಸಿದ ಆಯುಕ್ತ ಕಾರ್ಯಗತಗೊಳಿಸಬೇಕು ಎಂಬುದು ಅದರ ತಿರುಳು. ಪರಕೀಯ ಆಡಳಿತಕ್ಕೆ ಅನುಕೂಲವಾಗಿದ್ದ ಈ ವ್ಯವಸ್ಥೆ ಸ್ವಾತಂತ್ರ್ಯಾನಂತರವೂ ಉಳಿಯಿತು.

ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರ ಅಡಿ ಬೆಂಗಳೂರಿನ ಮೇಯರ್ ಅವಧಿ ಕೇವಲ ಒಂದು ವರ್ಷವಾಗಿತ್ತು. ಆಯುಕ್ತರನ್ನು ನೇಮಿಸುತ್ತಿದ್ದುದು, ವರ್ಗಾಯಿಸುತ್ತಿದ್ದುದು ರಾಜ್ಯ ಸರ್ಕಾರ. ಕೌನ್ಸಿಲ್‌ನ ನಿರ್ಣಯವನ್ನು ರದ್ದುಪಡಿಸುವ ಅಧಿಕಾರವೂ ಸರ್ಕಾರಕ್ಕಿತ್ತು. ಮೇಯರ್ ಇಲಾಖೆಗಳನ್ನು ಅರಿತುಕೊಳ್ಳುವ ಹೊತ್ತಿಗೆ ಅವಧಿ ಮುಗಿದಿರುತ್ತಿತ್ತು.

ಅಮೆರಿಕದಲ್ಲೂ ನಗರಗಳಿಗೆ ಒಂದೇ ಮಾದರಿಯಿಲ್ಲ. ನ್ಯೂಯಾರ್ಕ್‌ನಂತಹ ನಗರಗಳಲ್ಲಿ ಜನರೇ ನೇರವಾಗಿ ಆರಿಸಿದ ಮೇಯರ್ ಇಲಾಖಾ ಮುಖ್ಯಸ್ಥರನ್ನು ನೇಮಿಸುತ್ತಾರೆ, ತೆಗೆಯುತ್ತಾರೆ. ಇನ್ನೂ ಅನೇಕ ನಗರಗಳಲ್ಲಿ ವೃತ್ತಿಪರ ವ್ಯವಸ್ಥಾಪಕರೊಬ್ಬರು ಆಡಳಿತ ನಡೆಸುತ್ತಾರೆ. ಹೊರನೋಟಕ್ಕೆ ಅವರು ನಮ್ಮ ಆಯುಕ್ತರಂತೆಯೇ ಕಾಣುತ್ತಾರೆ. ಆದರೆ ವ್ಯವಸ್ಥಾಪಕರನ್ನು ನೇಮಿಸುವುದೂ ತೆಗೆಯುವುದೂ ನಗರದ ಚುನಾಯಿತ ಕೌನ್ಸಿಲ್. ಅಧಿಕಾರಿ ಆಡಳಿತ ನಡೆಸುವುದರಲ್ಲಿ ದೋಷವೇನೂ ಇಲ್ಲ. ಆತ ಯಾರಿಗೆ ಉತ್ತರಿಸಬೇಕು ಎಂಬುದರಲ್ಲಿದೆ ವ್ಯತ್ಯಾಸ.

ನಗರಾಡಳಿತಕ್ಕೆ ಬಲ ತುಂಬಲೆಂದೇ ಬಂದ ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಯಾಯಿತು. ಅದರೊಂದಿಗೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಯೋಜನೆ, ನೀರು ಪೂರೈಕೆ ಸೇರಿದಂತೆ 18 ವಿಷಯಗಳಿವೆ. ಅವುಗಳನ್ನು ನಗರ ಸಂಸ್ಥೆಗಳಿಗೆ ವಹಿಸುವುದು ಮಾತ್ರ ರಾಜ್ಯಗಳ ವಿವೇಚನೆಗೆ ಬಿಟ್ಟ ಸಂಗತಿ. ಬೆಂಗಳೂರಿನಲ್ಲಿ ಪ್ರಾಧಿಕಾರವೂ ಜಲಮಂಡಳಿಯೂ ಮೊದಲಿನಂತೆಯೇ ಮುಂದುವರಿದವು.

ಕೌನ್ಸಿಲ್ ಇಲ್ಲದ ವರ್ಷಗಳು

ಚುನಾಯಿತ ಸಭೆಯೇ ಇಲ್ಲದ ದೀರ್ಘ ಅವಧಿಗಳನ್ನೂ ಬೆಂಗಳೂರು ಕಂಡಿದೆ. ಹಳೆಯ ಮಹಾನಗರ ಪಾಲಿಕೆಯ ಕೌನ್ಸಿಲ್ ಅವಧಿ 2006ರ ನವೆಂಬರ್‌ನಲ್ಲಿ ಮುಗಿಯಿತು. 2007ರ ಜನವರಿಯಲ್ಲಿ ಸುತ್ತಲಿನ ನಗರಸಭೆಗಳನ್ನೂ ಗ್ರಾಮಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದರೂ 198 ವಾರ್ಡುಗಳಿಗೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. 2015ರಲ್ಲಿ ಆಯ್ಕೆಯಾದ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಆ ಬಳಿಕ, 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಇತಿಹಾಸಕ್ಕೆ ಸೇರುವವರೆಗೆ, ಚುನಾವಣೆ ನಡೆಯಲೇ ಇಲ್ಲ. ಈ ಎರಡು ಅವಧಿಗಳನ್ನು ಕೂಡಿದರೆ ಹತ್ತೊಂಬತ್ತು ವರ್ಷಗಳಲ್ಲಿ ಎಂಟು ವರ್ಷಕ್ಕೂ ಹೆಚ್ಚು ಕಾಲ ನಗರದ ಆಡಳಿತ ಅಧಿಕಾರಿಗಳ ಕೈಯಲ್ಲಿತ್ತು. ಆಯವ್ಯಯ ಸಿದ್ಧಪಡಿಸಿದವರೂ ಅದಕ್ಕೆ ಒಪ್ಪಿಗೆ ಕೊಟ್ಟವರೂ ಅಧಿಕಾರಿಗಳೇ.

ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, 2024ರ ಅನ್ವಯ 2025ರ ಸೆಪ್ಟೆಂಬರ್ 2ರಂದು ನಗರಕ್ಕೆ ಐದು ಪಾಲಿಕೆಗಳು ಬಂದವು. ರಾಜಾಜಿನಗರ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿತು. ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಮೇಯರ್ ಅವಧಿಯನ್ನು 30 ತಿಂಗಳಿಗೆ ಹೆಚ್ಚಿಸಿರುವುದು ಸುಧಾರಣೆಯೇ ಸರಿ. ಚದುರಿದ ಸಂಸ್ಥೆಗಳನ್ನು ಒಂದೇ ವೇದಿಕೆಗೆ ತರುವ ಉದ್ದೇಶವೂ ಕಾಯ್ದೆಗಿದೆ. ಆದರೆ ಆಯುಕ್ತರ ನೇಮಕ ಸರ್ಕಾರದ ಕೈಯಲ್ಲೇ ಉಳಿದಿದೆ.

ಒಂದು ನೋಟದಲ್ಲಿ

* ಅಮೆರಿಕದ ಅಧ್ಯಕ್ಷ: ಸುಮಾರು 4,000 ರಾಜಕೀಯ ಹುದ್ದೆಗಳಿಗೆ ನೇಮಕ, ಉನ್ನತ ಅಧಿಕಾರಿಗಳನ್ನು ತೆಗೆಯುವ ಅಧಿಕಾರವಿದೆ, ಅದರ ಮಿತಿಯ ಬಗ್ಗೆ 1789ರಿಂದಲೂ ವಿವಾದ.

* ಕರ್ನಾಟಕದ ಮುಖ್ಯಮಂತ್ರಿ: ಗರಿಷ್ಠ 34 ಮಂದಿಯ ಸಂಪುಟ, ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ, ವರ್ಗಾವಣೆಯ ಅಧಿಕಾರವಿದೆ.

* ಬೆಂಗಳೂರಿನ ಮೇಯರ್: ಆಯುಕ್ತರನ್ನು ನೇಮಿಸುವ, ವರ್ಗಾಯಿಸುವ ಅಥವಾ ವಜಾ ಮಾಡುವ ಅಧಿಕಾರವಿಲ್ಲ, ಸಭೆ ನಡೆಸುವುದು, ನಿರ್ಣಯ ಕೈಗೊಳ್ಳುವುದು ಪ್ರಧಾನ ಕೆಲಸ.

ಪ್ರಜೆಯ ಕೈಗೆ ಬಂದ ಸಾಧನಗಳು

ಮತ ಮತ್ತು ಆಡಳಿತದ ನಡುವಿನ ಈ ಅಂತರವನ್ನು ತುಂಬಲು ಕರ್ನಾಟಕ ಬೇರೆ ದಾರಿಗಳನ್ನು ಹುಡುಕಿಕೊಂಡಿದೆ. 1984ರ ಕಾಯ್ದೆಯ ಮೂಲಕ ಲೋಕಾಯುಕ್ತ ಸಂಸ್ಥೆ ಬಂದಿತು. ಕೇಂದ್ರದ 2005ರ ಕಾಯ್ದೆಗೂ ಮುಂಚೆ, 2000ದಲ್ಲೇ, ರಾಜ್ಯ ತನ್ನದೇ ಮಾಹಿತಿ ಹಕ್ಕು ಕಾಯ್ದೆ ರೂಪಿಸಿತು. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಸಕಾಲ’ ಯೋಜನೆ ನಿಗದಿತ ದಿನಗಳಲ್ಲಿ ಸೇವೆ ಪಡೆಯುವುದನ್ನು ಹಕ್ಕಾಗಿಸಿತು. ವಿಳಂಬಕ್ಕೆ ಕಾರಣನಾದ ಸಿಬ್ಬಂದಿಯಿಂದ ಪರಿಹಾರ ವಸೂಲಿ ಮಾಡಲೂ ಅದರಲ್ಲಿ ಅವಕಾಶವಿದೆ. ಇವು ಅರ್ಜಿದಾರನಾಗಿ ಬರುವ ನಾಗರಿಕನಿಗೆ ದಾರಿ ತೋರುತ್ತವೆ. ಮತದಾರನಾಗಿ ಪ್ರಶ್ನಿಸುವವನಿಗೆ ಅವು ಬದಲಿಯಾಗಲಾರವು. ಯಾವ ರಸ್ತೆಗೆ ಮೊದಲು ಹಣ ಕೊಡಬೇಕು ಎಂಬುದು ಅರ್ಜಿಯಿಂದ ತೀರ್ಮಾನವಾಗುವ ವಿಷಯವಲ್ಲ.

ಅಮೆರಿಕದ ಎರಡು ಶತಮಾನಗಳ ಅನುಭವ ಒಂದು ಎಚ್ಚರಿಕೆಯನ್ನೂ ನೀಡುತ್ತದೆ. ತೆಗೆಯುವ ಅಧಿಕಾರ ಮಿತಿಯಿಲ್ಲದೆ ಒಬ್ಬರ ಕೈಗೆ ಸಿಕ್ಕಾಗ ಅರ್ಹತೆ ಹಿಂದೆ ಸರಿದು ನಿಷ್ಠೆ ಮುಂದೆ ಬಂದದ್ದನ್ನು ಜಾಕ್ಸನ್ ನಂತರದ ಅರ್ಧ ಶತಮಾನ ತೋರಿಸಿಕೊಟ್ಟಿದೆ. ಹಾಗಾಗಿ ಮೇಯರ್‌ಗೆ ಅಂಕೆಯಿಲ್ಲದ ಅಧಿಕಾರ ಕೊಡುವುದು ಪರಿಹಾರವಾಗದು. ಆಯುಕ್ತರಿಗೆ ನಿಶ್ಚಿತ ಅವಧಿ, ಅವರ ಆಯ್ಕೆಯಲ್ಲಿ ಕೌನ್ಸಿಲ್‌ನ ಸಮ್ಮತಿ, ಕಾಲಕ್ಕೆ ಸರಿಯಾಗಿ ಚುನಾವಣೆ - ಇವು ಮೂರೂ ಜೊತೆಯಾಗಿ ಬಂದಾಗ ಮಾತ್ರ ಸಮತೋಲನ ಸಾಧ್ಯ.

ವಿಧಾನಸೌಧದ ಹೆಬ್ಬಾಗಿಲ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಲಾಗಿದೆ. ರಾಜಾಜಿನಗರದ ಅಡ್ಡರಸ್ತೆಯ ನಿವಾಸಿಗೆ ಬೇಕಿರುವುದು ಅಷ್ಟು ದೊಡ್ಡದೇನಲ್ಲ. ಅಗೆದ ರಸ್ತೆಯನ್ನು ಮುಚ್ಚಿಸುವ ಹೊಣೆ ಯಾರದೆಂದು ತಿಳಿಯಬೇಕು; ಮುಚ್ಚಿಸದಿದ್ದರೆ ಮುಂದಿನ ಚುನಾವಣೆಯಲ್ಲಿ ಅವರನ್ನೇ ಕೇಳುವಂತಿರಬೇಕು.